ಓಡುವಾಗ ಮೋಟರ್ ಕೈಕೊಟ್ಟರೆ: ಎಲೆಕ್ಟ್ರಿಕ್ ಸೈಕಲ್‌ನ ದೋಷ ಹುಡುಕುವ ಕ್ರಮ

ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಸೈಕಲ್ ಓಡಿಸುವವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ. ಚೆನ್ನಾಗಿ ಓಡುತ್ತಿದ್ದ ಸೈಕಲ್‌ನ ಮೋಟರ್ ಏರಿನಲ್ಲೋ, ಹಂಪ್ ದಾಟುವಾಗಲೋ, ಮಳೆ ಬಂದ ಮರುದಿನವೋ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ತಿರುಗುತ್ತದೆ. ರಿಪೇರಿಗೆ ಒಯ್ದರೆ, ಮೀಟರ್ ಕೂಡ ಹಿಡಿಯದೆ ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ’ ಎಂದುಬಿಡುವವರು ಕಡಿಮೆಯಿಲ್ಲ. ಸೈಕಲ್‌ನಲ್ಲಿ ಅತ್ಯಂತ ದುಬಾರಿಯಾದ ಭಾಗ ಬ್ಯಾಟರಿಯೇ ಆದ್ದರಿಂದ, ಆ ಮಾತನ್ನು ಒಪ್ಪಿಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಗಳನ್ನು ಇಲ್ಲಿ ಕ್ರಮವಾಗಿ ವಿವರಿಸಿದೆ. ಹಿಂದಿನ ಚಕ್ರದಲ್ಲಿ ಹಬ್ ಮೋಟರ್, ಚೌಕಟ್ಟಿನಲ್ಲಿ 36 ವೋಲ್ಟ್‌ನ ಲಿಥಿಯಂ ಬ್ಯಾಟರಿ, ಪೆಡಲ್ ತುಳಿಯುವುದನ್ನು ಗುರುತಿಸುವ ಸೆನ್ಸರ್ ಮತ್ತು ಹ್ಯಾಂಡಲ್‌ನಲ್ಲಿ ತಿರುಗಿಸಿ ಮೋಟರ್ ಓಡಿಸುವ ಥ್ರಾಟಲ್ ಇರುವ ಸಾಮಾನ್ಯ ಸೈಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪೆಡಲಿನ ಬುಡದಲ್ಲೇ ಮೋಟರ್ ಇರುವ ಮಾದರಿಗಳಿಗೆ ಬ್ಯಾಟರಿ ಹಾಗೂ ಬ್ರೇಕಿನ ಭಾಗ ಮಾತ್ರ ಅನ್ವಯಿಸುತ್ತದೆ.

ಇದಕ್ಕೆ ಬೇಕಾಗುವ ಸಲಕರಣೆ ಹೆಚ್ಚಿಲ್ಲ: ಒಂದು ಡಿಜಿಟಲ್ ಮಲ್ಟಿಮೀಟರ್, ಅಲೆನ್ ಕೀ ಸೆಟ್, ಅಚ್ಚಿನ ನಟ್ಟಿಗೆ ಹೊಂದುವ ಸ್ಪ್ಯಾನರ್, ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸುವ ಸ್ಟ್ಯಾಂಡ್, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಒಂದು ಹಳೆಯ ಹತ್ತಿಬಟ್ಟೆ. ಮೀಟರ್ ಇಲ್ಲದವರು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಒಮ್ಮೆ ಹೋಗಿ ಬಂದರೆ ಸಾಕು. ಈ ಕೆಲಸಕ್ಕೆ ದುಬಾರಿ ಮೀಟರ್ ಬೇಕಿಲ್ಲ.

ಪರೀಕ್ಷೆ ಮಾಡದೆ ದೂರ ಇಡಬೇಕಾದ ಬ್ಯಾಟರಿ

ಬ್ಯಾಟರಿಯ ಪೆಟ್ಟಿಗೆ ಉಬ್ಬಿದ್ದರೆ, ಸಿಹಿಯಾದ ಅಥವಾ ಪೇಂಟ್ ಥಿನ್ನರಿನಂಥ ವಾಸನೆ ಬರುತ್ತಿದ್ದರೆ, ಓಡಿಸದೆ ಇಟ್ಟಾಗಲೂ ಬಿಸಿಯಾಗಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಅಥವಾ ನೀರಿನಲ್ಲಿ ಮುಳುಗಿದ್ದರೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬಾರದು. ಅಂಥ ಬ್ಯಾಟರಿಯನ್ನು ‘ಒಮ್ಮೆ ಚಾರ್ಜ್ ಹಾಕಿ ನೋಡೋಣ’ ಎನ್ನುವುದೇ ದೊಡ್ಡ ಅಪಾಯ. ಅದನ್ನು ಸುರಕ್ಷಿತವಾಗಿ ಹೊರತೆಗೆಯಲು ಸಾಧ್ಯವಿದ್ದರೆ, ಮನೆಯಿಂದ ಮತ್ತು ಇತರ ವಾಹನಗಳಿಂದ ದೂರ, ಬಯಲಿನಲ್ಲಿ, ಸಿಮೆಂಟ್ ಅಥವಾ ಕಲ್ಲಿನ ನೆಲದ ಮೇಲೆ ಇಟ್ಟು ತಯಾರಕರ ಸೇವಾ ಕೇಂದ್ರಕ್ಕೆ ತಿಳಿಸಬೇಕು. ಹೊಗೆ ಕಾಣಿಸಿದರಂತೂ ಅದನ್ನು ಮುಟ್ಟದೆ ಎಲ್ಲರನ್ನೂ ಹೊರಗೆ ಕಳುಹಿಸಿ ಅಗ್ನಿಶಾಮಕ ದಳವನ್ನು ಕರೆಯಬೇಕು. ಬ್ಯಾಟರಿ ಚೆನ್ನಾಗಿಯೇ ಇದ್ದರೂ ಅದರ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚುವ ಕೆಲಸಕ್ಕೆ ಕೈಹಾಕಬಾರದು. ಇಲ್ಲಿ ಹೇಳಿರುವ ಅಳತೆಗಳನ್ನೆಲ್ಲ ಹೊರಗಿನಿಂದಲೇ ತೆಗೆದುಕೊಳ್ಳಬಹುದು.

ದೋಷವೆಂದು ಕಂಡರೂ ದೋಷವಲ್ಲದ್ದು ಒಂದಿದೆ. ಪೆಡಲ್ ತುಳಿಯುತ್ತಾ ಸಮತಟ್ಟು ರಸ್ತೆಯಲ್ಲಿ ವೇಗ ಗಂಟೆಗೆ 25 ಕಿ.ಮೀ. ಸಮೀಪಿಸಿದಾಗ ಮೋಟರ್‌ನ ನೆರವು ಕ್ರಮೇಣ ಕಡಿಮೆಯಾಗಿ ನಿಂತರೆ ಅದು ಕಾನೂನಿಗೆ ತಕ್ಕಂತೆ ಕೆಲಸ ಮಾಡುತ್ತಿದೆ ಎಂದರ್ಥ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರ್‌ನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು, 25 ಕಿ.ಮೀ. ವೇಗಕ್ಕೆ ನೆರವು ನಿಲ್ಲುವ ಸೈಕಲ್ ಮೋಟಾರು ವಾಹನ ಎನಿಸುವುದಿಲ್ಲ. ನೋಂದಣಿ, ಲೈಸೆನ್ಸ್ ಬೇಡವೆಂಬ ವಿನಾಯಿತಿ ನಿಂತಿರುವುದು ಇದರ ಮೇಲೆಯೇ. ಆ ಮಿತಿಯನ್ನು ತೆಗೆಸಿಕೊಂಡವರ ಸೈಕಲ್‌ಗಳಲ್ಲಿ ಕಂಟ್ರೋಲರ್ (ಬ್ಯಾಟರಿಯಿಂದ ಮೋಟರ್‌ಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಪೆಟ್ಟಿಗೆ) ಮತ್ತು ವೈರುಗಳು ಬಿಸಿಯಾಗುವ ದೂರು ಹೆಚ್ಚೆಂಬುದು ನನ್ನ ಅನುಭವ.

ಡಿಸ್‌ಪ್ಲೇ ಆರಿತೇ, ಉರಿಯುತ್ತಲೇ ಇತ್ತೇ?

ಮೋಟರ್ ನಿಂತ ಕ್ಷಣದಲ್ಲಿ ಹ್ಯಾಂಡಲ್ ಮೇಲಿನ ಡಿಸ್‌ಪ್ಲೇ ಏನಾಯಿತು ಎಂಬುದನ್ನು ನೋಡಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಡಿಸ್‌ಪ್ಲೇ ಕೂಡ ಆರಿಹೋಗಿದ್ದರೆ ಬ್ಯಾಟರಿಯಿಂದ ಕಂಟ್ರೋಲರ್‌ಗೆ ವಿದ್ಯುತ್ತೇ ಬರುತ್ತಿಲ್ಲ. ದೋಷ ಬ್ಯಾಟರಿ, ಅದರ ಬೀಗದ ಸ್ವಿಚ್, ಫ್ಯೂಸ್ ಅಥವಾ ಮುಖ್ಯ ಕನೆಕ್ಟರ್‌ನಲ್ಲಿದೆ. ಡಿಸ್‌ಪ್ಲೇ ಉರಿಯುತ್ತಲೇ ಇದ್ದು ಮೋಟರ್ ಮಾತ್ರ ನಿಂತಿದ್ದರೆ ವಿದ್ಯುತ್ ಬರುತ್ತಿದೆ, ಆದರೆ ಕಂಟ್ರೋಲರ್‌ಗೆ ಯಾವುದೋ ಸೆನ್ಸರ್ ‘ನಿಲ್ಲಿಸು’ ಎಂದು ಹೇಳುತ್ತಿದೆ, ಇಲ್ಲವೇ ‘ಓಡು’ ಎಂದು ಹೇಳಬೇಕಾದ್ದು ಹೇಳುತ್ತಿಲ್ಲ. ಈ ಎರಡನೆಯ ಸಂದರ್ಭದಲ್ಲಿ ಬ್ಯಾಟರಿ ಬದಲಿಸುವುದರಿಂದ ಪ್ರಯೋಜನವಾಗುವುದು ತೀರ ಅಪರೂಪ. ನಿಂತ ಗಳಿಗೆಯಲ್ಲಿ ಯಾರೂ ಡಿಸ್‌ಪ್ಲೇ ನೋಡುವುದಿಲ್ಲ, ಹಿಂದೆ ಹಾರ್ನ್ ಹೊಡೆಯುವ ಬಸ್ಸನ್ನು ನೋಡುತ್ತಾರೆ. ಆದ್ದರಿಂದ ವಾಹನ ಕಡಿಮೆಯಿರುವ ಬೆಳಗಿನ ಹೊತ್ತು, ನಿಮ್ಮ ಬಡಾವಣೆಯ ಒಳರಸ್ತೆಯಲ್ಲೇ, ದೋಷ ಮರುಕಳಿಸುವಂತೆ ಮಾಡಿ ನೋಡುವುದು ಒಳ್ಳೆಯದು.

ಡಿಸ್‌ಪ್ಲೇಯೂ ಆರಿದ್ದರೆ

ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು ಅರ್ಧ ಗಂಟೆ ಬಿಟ್ಟು, ಮೀಟರನ್ನು ಡಿ.ಸಿ. ವೋಲ್ಟ್‌ಗೆ ಇಟ್ಟು ಅಳೆಯಬೇಕು. 36 ವೋಲ್ಟ್ ಎಂದು ಬರೆದಿರುವ ಸಾಮಾನ್ಯ ಲಿಥಿಯಂ ಬ್ಯಾಟರಿಯಲ್ಲಿ 10 ಸೆಲ್‌ಗಳು ಸಾಲಾಗಿರುತ್ತವೆ, ತಲಾ 4.2 ವೋಲ್ಟ್‌ನಂತೆ ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್ ಬರಬೇಕು. 48 ವೋಲ್ಟ್‌ನದರಲ್ಲಿ 13 ಸೆಲ್‌ಗಳ ಸಾಲು, ಪೂರ್ತಿ ಚಾರ್ಜ್‌ಗೆ 54.6 ವೋಲ್ಟ್. ಐರನ್ ಫಾಸ್ಫೇಟ್ ಬಗೆಯ ಬ್ಯಾಟರಿಗಳ ಲೆಕ್ಕ ಬೇರೆ, ಅದನ್ನು ಲೇಬಲ್ ನೋಡಿಯೇ ತಿಳಿಯಬೇಕು. 36 ವೋಲ್ಟ್‌ನ ಬ್ಯಾಟರಿ 41.5ರ ಆಸುಪಾಸು ತೋರಿಸಿದರೆ ಚಿಂತೆಯಿಲ್ಲ. ಚಾರ್ಜರ್‌ನ ಹಸಿರು ದೀಪ ಬಂದಮೇಲೂ 40ರ ಕೆಳಗೆ ನಿಂತರೆ ಚಾರ್ಜರನ್ನೂ ಅಳೆಯಿರಿ: ಗೋಡೆಗೆ ಸಿಕ್ಕಿಸಿ, ಬ್ಯಾಟರಿಗೆ ಸಿಕ್ಕಿಸದೆ, ಪಿನ್ನಿನಲ್ಲಿ 42 ವೋಲ್ಟ್ ಬರಬೇಕು. ಚಾರ್ಜರ್ ಸರಿಯಿದ್ದೂ ಬ್ಯಾಟರಿ ತುಂಬುತ್ತಿಲ್ಲವೆಂದರೆ ಸಾಲಿನ ಯಾವುದೋ ಸೆಲ್ ಗುಂಪು ಸೊರಗಿದೆ, ಅಥವಾ ಸೆಲ್‌ಗಳ ಮಟ್ಟ ಒಂದಕ್ಕೊಂದು ಹೊಂದುತ್ತಿಲ್ಲ.

ಆದರೆ ನಿಂತಿರುವಾಗ 42 ತೋರಿಸುವ ಬ್ಯಾಟರಿ ಏರಿನಲ್ಲೂ ಗಟ್ಟಿಯಾಗಿರುತ್ತದೆಂದು ಹೇಳಲಾಗದು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರು ದೂರದಿಂದ ಸಮತಟ್ಟಾಗಿ ಕಂಡರೂ, ಬಸವನಗುಡಿಯ ಬ್ಯೂಗಲ್ ರಾಕ್ ಕಡೆಗೆ ಏರುವವರಿಗೆ ಅಥವಾ ಯಾವುದಾದರೂ ಮೇಲ್ಸೇತುವೆ ಹತ್ತುವವರಿಗೆ ಅದರ ಏರಿಳಿತ ಚೆನ್ನಾಗಿ ಗೊತ್ತಿರುತ್ತದೆ. ಏರಿನಲ್ಲಿ ಸಾಮಾನ್ಯ ಕಂಟ್ರೋಲರ್ 15 ಆಂಪಿಯರ್‌ವರೆಗೆ ಎಳೆಯುತ್ತದೆ. ಆಗ ಬ್ಯಾಟರಿಯ ವೋಲ್ಟೇಜ್ ಎರಡು ಮೂರು ವೋಲ್ಟ್ ಇಳಿದು, ಏರು ಮುಗಿದೊಡನೆ ಮತ್ತೆ ಮೇಲೇರುವುದು ಸಹಜ. ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇದ್ದೂ ಐದಾರು ವೋಲ್ಟ್ ಕುಸಿದು ಡಿಸ್‌ಪ್ಲೇ ಆರಿದರೆ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್, ಅಂದರೆ ಬಿ.ಎಂ.ಎಸ್., ದುರ್ಬಲ ಗುಂಪನ್ನು ಉಳಿಸಲು ವಿದ್ಯುತ್ ಕಡಿತ ಮಾಡಿದೆ ಎಂದು ತಿಳಿಯಬಹುದು. ಐದು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿದರೆ ಓಡುವುದು ಇದೇ ಕಾರಣಕ್ಕೆ. ಡಿಸ್‌ಪ್ಲೇಯ ಬ್ಯಾಟರಿ ಗೆರೆಗಳನ್ನು ನಂಬದೆ, ಅದರ ಸೆಟ್ಟಿಂಗ್‌ನಲ್ಲಿ ವೋಲ್ಟ್ ತೋರಿಸುವ ಆಯ್ಕೆಯಿದ್ದರೆ ಅದನ್ನು ಹಾಕಿಕೊಂಡು ಏರು ಹತ್ತಿ ನೋಡಬೇಕು.

ಇಷ್ಟಕ್ಕೇ ತೀರ್ಪು ಕೊಡುವ ಹಾಗೂ ಇಲ್ಲ. ಕುಸಿತ ಬ್ಯಾಟರಿಯೊಳಗೆ ಆಗದೆ ಕನೆಕ್ಟರ್‌ನಲ್ಲೂ ಆಗಿರಬಹುದು. ಸಡಿಲವಾದ ಅಥವಾ ಕಿಲುಬು ಹಿಡಿದ ಸಂಪರ್ಕದಲ್ಲಿ ಕೇವಲ 0.1 ಓಮ್ ರೋಧ ಇದ್ದರೂ 15 ಆಂಪಿಯರ್ ಹರಿಯುವಾಗ ಅಲ್ಲಿ 1.5 ವೋಲ್ಟ್ ಕಳೆದುಹೋಗುತ್ತದೆ ಮತ್ತು 22.5 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ 25 ವ್ಯಾಟ್ ಸೋಲ್ಡರಿಂಗ್ ಐರನ್ ಬಿಸಿಯಾಗುವುದೂ ಹೆಚ್ಚು ಕಡಿಮೆ ಇಷ್ಟೇ ಶಾಖದಿಂದ. ಆದ್ದರಿಂದ ಏರು ಹತ್ತಿದ ಕೂಡಲೇ ಸೈಕಲ್ ನಿಲ್ಲಿಸಿ, ಬ್ಯಾಟರಿಯ ಬೀಗದ ಕೀಲಿಯನ್ನು ಆಫ್ ಮಾಡಿ, ಮುಖ್ಯ ಕನೆಕ್ಟರ್‌ನ ಹೊರಮೈಯನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ. ಅದು ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳಿಡಲಾಗದಷ್ಟು ಬಿಸಿಯಾಗಿದ್ದರೆ ದೋಷ ಅಲ್ಲಿಯೇ ಇದೆ.

ವಿಜಯನಗರದ ಪರಿಚಿತರೊಬ್ಬರ ಸೈಕಲ್‌ಗೆ ಅಂಗಡಿಯೊಂದರಲ್ಲಿ ಹೊಸ ಬ್ಯಾಟರಿಯ ಅಂದಾಜುಪಟ್ಟಿಯನ್ನೇ ಬರೆದುಕೊಟ್ಟಿದ್ದರು. ಬ್ಯಾಟರಿಯನ್ನು ಅದರ ತೊಟ್ಟಿಲಿನಿಂದ ಜಾರಿಸಿ ತೆಗೆದಾಗ, ಕೆಳಗಿನ ಎರಡು ಲೋಹದ ಪಟ್ಟಿಗಳಲ್ಲಿ ಒಂದು ಹೊಳೆಯುತ್ತಿತ್ತು. ಇನ್ನೊಂದು ನೀಲಿಗಪ್ಪಾಗಿತ್ತು, ಅದರ ಬುಡದ ಪ್ಲಾಸ್ಟಿಕ್ ಕಂದಿ ಒಂದು ಬದಿಗೆ ವಾಲಿತ್ತು. ಪೂರ್ತಿ ಚಾರ್ಜ್‌ನಲ್ಲಿ ವೋಲ್ಟೇಜ್ 41.8 ಇತ್ತು. ತೊಟ್ಟಿಲಿನ ಸಂಪರ್ಕದ ಭಾಗವನ್ನಷ್ಟೇ ಬದಲಿಸಿದ ಮೇಲೆ ಅದೇ ಬ್ಯಾಟರಿ ಅದೇ ಏರನ್ನು ಹತ್ತುತ್ತಿದೆ. ಕಪ್ಪಾದ ಪಟ್ಟಿಯನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಳಸುವುದು ಬೇಡ. ಮೇಲಿನ ಲೇಪ ಹೋಗಿ, ಸ್ಪ್ರಿಂಗಿನ ಬಿಗಿ ಹೋಗಿ, ಮತ್ತಷ್ಟು ಬೇಗ ಸುಡುತ್ತದೆ. ಬರೀ ಕಿಲುಬಿದ್ದರೆ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಜೋಡಿಸಬಹುದು.

ಹಂಪ್ ಮೇಲೆ ಮಾತ್ರ ಡಿಸ್‌ಪ್ಲೇ ಆರುವುದಾದರೆ ಪರೀಕ್ಷೆ ಇನ್ನೂ ಸುಲಭ. ಸೈಕಲ್ಲನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಡಿಸ್‌ಪ್ಲೇ ಆನ್ ಮಾಡಿ, ಬ್ಯಾಟರಿಯನ್ನು ಅದರ ಜಾಗದಲ್ಲೇ ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಬೀಗದ ಕೀಲಿಯನ್ನು ಮೆಲ್ಲಗೆ ತಿರುವಿ. ಮುಖ್ಯ ವೈರನ್ನು ಬಗ್ಗಿಸಿ. ಯಾವುದನ್ನು ಮುಟ್ಟಿದಾಗ ಡಿಸ್‌ಪ್ಲೇ ಮಿಣುಕುತ್ತದೋ ಲೂಸ್ ಕಾಂಟ್ಯಾಕ್ಟ್ ಅಲ್ಲಿದೆ. ಅಪಾರ್ಟ್‌ಮೆಂಟ್‌ನ ನೆಲಮಾಳಿಗೆಯಲ್ಲಿ ನಿಲ್ಲಿಸುವವರು ವೈರಿನ ಉದ್ದಕ್ಕೂ ಇಲಿ ಕಡಿದ ಗುರುತುಗಳಿವೆಯೇ ಎಂದೂ ನೋಡಬೇಕು.

ಡಿಸ್‌ಪ್ಲೇ ಉರಿಯುತ್ತಿದ್ದು ಮೋಟರ್ ಮಾತ್ರ ನಿಂತರೆ

ಇಲ್ಲಿ ಮೊದಲು ಸಂಶಯಪಡಬೇಕಾದದ್ದು ಬ್ರೇಕ್ ಲಿವರನ್ನು. ಲಿವರ್ ಒತ್ತಿದೊಡನೆ ಮೋಟರ್‌ಗೆ ವಿದ್ಯುತ್ ಕಡಿಯುವ ಸಣ್ಣ ಸ್ವಿಚ್ ಅದರೊಳಗಿರುತ್ತದೆ. ಮಳೆಗೆ ಕೇಬಲ್ ತುಕ್ಕು ಹಿಡಿದೋ, ಲಿವರ್‌ನ ಸ್ಪ್ರಿಂಗ್ ಸೋತೋ, ಲಿವರ್ ಒಂದೆರಡು ಮಿಲಿಮೀಟರ್ ಹಿಂದಕ್ಕೆ ಬಾರದೆ ಉಳಿದರೂ ಸಾಕು, ಬ್ರೇಕ್ ಹಿಡಿದೇ ಇದೆಯೆಂದು ಕಂಟ್ರೋಲರ್ ಭಾವಿಸುತ್ತದೆ. ಎರಡೂ ಲಿವರ್‌ಗಳನ್ನು ಬೆರಳಿನಿಂದ ಹೊರಕ್ಕೆ ತಳ್ಳಿ ಹಿಡಿದು ಥ್ರಾಟಲ್ ಕೊಟ್ಟು ನೋಡಿ. ಮೋಟರ್ ತಿರುಗಿದರೆ ಉತ್ತರ ಸಿಕ್ಕಿತು. ಸಂಶಯ ಉಳಿದರೆ, ಹಿಂದಿನ ಚಕ್ರ ನೆಲದಿಂದ ಮೇಲಿರುವಾಗ, ಲಿವರ್‌ಗಳ ಸ್ವಿಚ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಬಹುದು. ಬಹಳಷ್ಟು ಸೈಕಲ್‌ಗಳಲ್ಲಿ ಈ ಸ್ವಿಚ್ ಲಿವರ್ ಒತ್ತಿದಾಗ ಮಾತ್ರ ಜೋಡಣೆಯಾಗುವಂಥದ್ದು, ಆದ್ದರಿಂದ ಕನೆಕ್ಟರ್ ಬಿಡಿಸಿದರೆ ಮೋಟರ್ ಓಡಬೇಕು; ಕೆಲವು ಮಾದರಿಗಳಲ್ಲಿ ಇದು ತಿರುವುಮುರುವಾಗಿರುತ್ತದೆ ಎಂಬುದು ನೆನಪಿರಲಿ.

ಸ್ವಿಚ್ ಕೆಟ್ಟಿದೆಯೆಂದು ತಿಳಿದ ಮೇಲೆ ಅದನ್ನು ಬಿಡಿಸಿಯೇ ಬಿಟ್ಟು ಸೈಕಲ್ ಕೈಗೆ ಕೊಡುವ ರಿಪೇರಿಯವರಿದ್ದಾರೆ. ಇದನ್ನು ಯಾವ ಕಾರಣಕ್ಕೂ ಒಪ್ಪಬಾರದು. ನೀರು ಹೊಕ್ಕ ಥ್ರಾಟಲ್ ತಾನಾಗಿಯೇ ಸಿಗ್ನಲ್ ಕಳಿಸತೊಡಗಿದರೆ, ಸಿಗ್ನಲ್ ದೀಪದ ಮುಂದೆ ನಿಂತ ಸೈಕಲ್ ಹಠಾತ್ತನೆ ಮುಂದೆ ನುಗ್ಗುವುದನ್ನು ತಡೆಯುವುದು ಇದೇ ಸ್ವಿಚ್.

ಬ್ರೇಕ್ ಸ್ವಿಚ್ ಸರಿಯಿದ್ದರೆ ಥ್ರಾಟಲ್ ಮತ್ತು ಪೆಡಲ್ ಎರಡನ್ನೂ ಬೇರೆ ಬೇರೆಯಾಗಿ ಪ್ರಯತ್ನಿಸಬೇಕು. ಥ್ರಾಟಲ್‌ಗೆ ಓಡಿ ಪೆಡಲ್‌ಗೆ ಓಡದಿದ್ದರೆ ದೋಷ ಪೆಡಲ್ ಸೆನ್ಸರ್‌ನಲ್ಲಿದೆ. ಪೆಡಲ್ ಅಚ್ಚಿನ ಮೇಲೆ ಅಯಸ್ಕಾಂತಗಳಿರುವ ಒಂದು ಬಿಲ್ಲೆಯೂ ಅದರ ಎದುರು ಚೌಕಟ್ಟಿನಲ್ಲಿ ಸೆನ್ಸರೂ ಇರುತ್ತವೆ; ಅವುಗಳ ನಡುವಿನ ಅಂತರ ಕೆಲವೇ ಮಿಲಿಮೀಟರ್. ಕೆಸರು ಮೆತ್ತಿದ್ದರೆ, ಬಿಲ್ಲೆ ಬಿರುಕು ಬಿಟ್ಟಿದ್ದರೆ, ಅಥವಾ ಕಾಲು ತಗುಲಿ ಸೆನ್ಸರ್ ವಾಲಿದ್ದರೆ ನೆರವು ಬಿಟ್ಟು ಬಿಟ್ಟು ಬರುತ್ತದೆ. ಒರೆಸಿ, ನೇರ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪೆಡಲ್‌ಗೆ ಓಡಿ ಥ್ರಾಟಲ್‌ಗೆ ಓಡದಿದ್ದರೆ ಥ್ರಾಟಲ್‌ನ ಮೂರು ವೈರುಗಳನ್ನು ಅಳೆಯಬೇಕು: ಕೆಂಪಿಗೂ ಕಪ್ಪಿಗೂ ನಡುವೆ ಸುಮಾರು 5 ವೋಲ್ಟ್ ಇರಬೇಕು, ಸಿಗ್ನಲ್ ವೈರಿನಲ್ಲಿ, ಬಿಟ್ಟಾಗ ಒಂದು ವೋಲ್ಟ್‌ನ ಆಸುಪಾಸು ಇದ್ದದ್ದು ತಿರುಗಿಸಿದಂತೆ ನಿಧಾನವಾಗಿ ನಾಲ್ಕರ ಸಮೀಪಕ್ಕೆ ಏರಬೇಕು. ಎಗರಿ ಎಗರಿ ಏರಿದರೆ ಥ್ರಾಟಲ್ ಬದಲಿಸುವುದೇ ಸರಿ. ಮೀಟರ್‌ನ ಎರಡು ವೈರುಗಳ ಚೂಪು ತುದಿಗಳು ಒಂದಕ್ಕೊಂದು ತಾಗದಂತೆ ಎಚ್ಚರ ವಹಿಸಬೇಕು. ಕ್ಷಣಮಾತ್ರದ ಶಾರ್ಟ್ ಕೂಡ ಕಂಟ್ರೋಲರನ್ನು ಸುಡಬಲ್ಲದು.

ಎರಡಕ್ಕೂ ಓಡದೆ ಮೋಟರ್ ಗುರುಗುಟ್ಟಿ ನಡುಗುತ್ತಿದ್ದರೆ, ಅಥವಾ ಕಾಲಿನಿಂದ ಒಮ್ಮೆ ತಳ್ಳಿದ ಮೇಲಷ್ಟೇ ತಿರುಗಲು ಶುರುವಾದರೆ, ದೋಷ ಮೋಟರ್ ಯಾವ ಸ್ಥಾನದಲ್ಲಿದೆಯೆಂದು ಕಂಟ್ರೋಲರ್‌ಗೆ ತಿಳಿಸುವ ಒಳಗಿನ ಹಾಲ್ ಸೆನ್ಸರ್‌ಗಳಲ್ಲಿ ಅಥವಾ ಮೋಟರ್‌ನ ಮೂರು ದಪ್ಪ ವೈರುಗಳಲ್ಲೊಂದರಲ್ಲಿ ಇರುತ್ತದೆ. ಮೋಟರ್ ಒಡೆಯುವ ಮೊದಲು, ಅಚ್ಚಿನಿಂದ ವೈರ್ ಹೊರಬರುವ ಜಾಗವನ್ನು ಟಾರ್ಚ್ ಹಿಡಿದು ನೋಡಿ. ಸೈಕಲ್ ಬಲಕ್ಕೋ ಎಡಕ್ಕೋ ಬಿದ್ದಾಗ ಮೊದಲು ಜಜ್ಜುವುದು ಅಲ್ಲಿಯೇ. ಅಚ್ಚಿನ ನಟ್ಟು ಸಡಿಲಾಗಿ ಅಚ್ಚೇ ತಿರುಗಿದ್ದರೆ ವೈರ್ ಹೊಸೆದುಕೊಂಡಿರುತ್ತದೆ. ಇದರ ಜೊತೆಗೆ ಚೌಕಟ್ಟಿನ ಬದಿಯಲ್ಲಿರುವ ದುಂಡನೆಯ ಜಲನಿರೋಧಕ ಕನೆಕ್ಟರನ್ನು ಬಿಡಿಸಿ, ಪಿನ್ನು ಬಾಗಿದೆಯೇ ಎಂದು ನೋಡಿ, ಎರಡೂ ಬದಿಯ ಬಾಣದ ಗುರುತು ಎದುರುಬದುರಾಗುವಂತೆ ಹಿಡಿದು ಗೆರೆಯವರೆಗೆ ಒತ್ತಬೇಕು. ಪಂಕ್ಚರ್ ಹಾಕಿಸಿದ ಮೇಲೆ ಶುರುವಾದ ದೋಷಕ್ಕೆ ಅನೇಕ ವೇಳೆ ಇದೇ ಕಾರಣ. ಇಷ್ಟರಿಂದಲೂ ತಿಳಿಯದಿದ್ದರೆ, ಚಕ್ರವನ್ನು ಕೈಯಿಂದ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾ ಹಾಲ್ ಸೆನ್ಸರ್‌ನ ಪ್ರತಿ ಸಿಗ್ನಲ್ ವೈರನ್ನೂ ಅಳೆದರೆ, ಸರಿಯಿರುವುದು ಸೊನ್ನೆಗೂ ಸುಮಾರು ಐದು ವೋಲ್ಟ್‌ಗೂ ನಡುವೆ ಬದಲಾಗುತ್ತಿರುತ್ತದೆ, ಸತ್ತದ್ದು ಒಂದೇ ಕಡೆ ನಿಂತಿರುತ್ತದೆ. ಮುಂದಿನದು ಬಲ್ಲವರ ಕೆಲಸ.

ಮಳೆಗಾಲ

ಬೆಂಗಳೂರಿನಲ್ಲಿ ಮೇ ತಿಂಗಳ ಗುಡುಗುಮಳೆಯಿಂದ ಹಿಡಿದು ಅಕ್ಟೋಬರ್ ಮುಗಿಯುವವರೆಗೂ ಸೈಕಲ್ ನೆನೆಯುತ್ತಲೇ ಇರುತ್ತದೆ. ಮೇಲಿನಿಂದ ಬೀಳುವ ಮಳೆಯನ್ನು ಇವು ತಕ್ಕಮಟ್ಟಿಗೆ ತಡೆಯುತ್ತವೆ. ಅಂಡರ್‌ಪಾಸ್‌ನಲ್ಲಿ ನಿಂತ ನೀರಿನದು ಬೇರೆ ಮಾತು. ನೀರು ಚಕ್ರದ ಅಚ್ಚಿನ ಮಟ್ಟ ಮುಟ್ಟಿದರೆ, ಓಡಿ ಬಿಸಿಯಾಗಿದ್ದ ಮೋಟರ್ ತಣ್ಣೀರಿಗೆ ತಟ್ಟನೆ ತಣಿದು, ಒಳಗಿನ ಗಾಳಿ ಕುಗ್ಗಿ, ಸಂದಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಬ್ಬಕ್ಕೆ ಮುಂಚೆ ಸ್ಕೂಟರ್ ಜೊತೆ ಸೈಕಲ್ಲನ್ನೂ ‘ವಾಟರ್ ಸರ್ವಿಸ್‌’ಗೆ ಬಿಡುವ ಅಭ್ಯಾಸವೂ ಇಷ್ಟೇ ಹಾನಿಕರ, ಒತ್ತಡದ ನೀರು ಕನೆಕ್ಟರ್‌ಗೂ ಬೇರಿಂಗ್‌ಗೂ ನುಗ್ಗುತ್ತದೆ. ಬ್ಯಾಟರಿ ತೆಗೆದಿಟ್ಟು, ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು.

ಮಳೆಯ ಮರುದಿನ ದೋಷ ಕಾಣಿಸಿಕೊಂಡರೆ ಮೊದಲು ಬ್ಯಾಟರಿ ತೆಗೆದು, ಕನೆಕ್ಟರ್‌ಗಳನ್ನು ಬಿಡಿಸಿ, ನೆರಳಿನಲ್ಲಿ ಗಾಳಿಗೆ ಒಂದು ದಿನ ಬಿಡಿ. ಆಮೇಲೆ ವೈರುಗಳು ಹೋಗಿರುವ ದಾರಿಯನ್ನು ಗಮನಿಸಿ: ಕನೆಕ್ಟರ್‌ಗೆ ಬರುವ ಮುನ್ನ ವೈರ್ ಒಮ್ಮೆ ಕೆಳಕ್ಕೆ ಬಾಗಿ ಮೇಲೇರುವಂತಿರಬೇಕು. ಆಗ ನೀರು ಬಾಗಿನಲ್ಲೇ ತೊಟ್ಟಿಕ್ಕಿಹೋಗುತ್ತದೆ, ಕನೆಕ್ಟರ್‌ವರೆಗೆ ಹರಿಯುವುದಿಲ್ಲ.

ಬ್ರೇಕ್, ಚಕ್ರ, ನಟ್ಟು

ಮೋಟರ್ ಸರಿಯಾದ ಮೇಲೆ, ರಸ್ತೆಗಿಳಿಯುವ ಮುನ್ನ ಇವನ್ನು ನೋಡಲೇಬೇಕು. ಸಾಮಾನ್ಯ ಸೈಕಲ್‌ಗಿಂತ ಭಾರ ಹೆಚ್ಚಾದ್ದರಿಂದ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ. ಲೋಹದ ತಗಡನ್ನು ಬಿಟ್ಟು ಪ್ಯಾಡಿನ ದಪ್ಪ ಒಂದು ಮಿಲಿಮೀಟರ್‌ಗೆ ಇಳಿದರೆ ಬದಲಿಸಿ. ಡಿಸ್ಕ್‌ಗೆ ಎಣ್ಣೆ ತಾಗಿಸಬಾರದು; ಕೀರಲು ಸದ್ದು ಬಂತೆಂದು ಎಣ್ಣೆ ಬಿಟ್ಟವರಿಗೆ ಬ್ರೇಕೇ ಇಲ್ಲದಂತಾದದ್ದನ್ನು ನೋಡಿದ್ದೇನೆ. ಹಬ್ ಮೋಟರ್‌ನ ಚಕ್ರದಲ್ಲಿ ಸ್ಪೋಕ್ ಕಡ್ಡಿಗಳು ಸಡಿಲಾಗುವುದು ಸಾಮಾನ್ಯ. ಎರಡೆರಡನ್ನು ಒಟ್ಟಿಗೆ ಹಿಸುಕುತ್ತಾ ಒಂದು ಸುತ್ತು ಬಂದರೆ ಸಡಿಲವಾದದ್ದು ಕೈಗೇ ತಿಳಿಯುತ್ತದೆ. ಅಚ್ಚಿನ ನಟ್ಟು ಮತ್ತು ಅಚ್ಚು ತಿರುಗದಂತೆ ತಡೆಯುವ ವಾಷರ್ ಬಿಗಿಯಾಗಿವೆಯೇ ಎಂದು ತಿಂಗಳಿಗೊಮ್ಮೆ, ಹಾಗೂ ಪ್ರತಿ ಪಂಕ್ಚರ್ ಆದಮೇಲೆ ತಪ್ಪದೆ ನೋಡಬೇಕು. ಟೈರಿನ ಗಾಳಿ ಎಷ್ಟಿರಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಗಾಳಿ ಕಡಿಮೆಯಿದ್ದರೆ ಮೋಟರ್ ಹೆಚ್ಚು ಎಳೆದು, ‘ಬ್ಯಾಟರಿ ಮೈಲೇಜ್ ಬಿತ್ತು’ ಎಂಬ ಸುಳ್ಳು ದೂರು ಹುಟ್ಟುತ್ತದೆ.

ಚಾರ್ಜಿಂಗ್

36 ವೋಲ್ಟ್‌ನ ಬ್ಯಾಟರಿಗೆ ಸಾಮಾನ್ಯವಾಗಿ ಬರುವ 2 ಆಂಪಿಯರ್ ಚಾರ್ಜರ್ 84 ವ್ಯಾಟ್‌ನಷ್ಟೇ ಕೊಡುತ್ತದೆ, ಆದ್ದರಿಂದ ಮನೆಯ ಸಾಧಾರಣ ಪ್ಲಗ್ ಸಾಕು. ಅಪಾಯ ಇರುವುದು ಬೇರೆ ಕಡೆ. ಪಿ.ಜಿ.ಗಳಲ್ಲೂ ಅಪಾರ್ಟ್‌ಮೆಂಟ್‌ಗಳಲ್ಲೂ ಹಲವರ ಚಾರ್ಜರ್‌ಗಳು ಒಂದೇ ಮೂಲೆಯಲ್ಲಿರುತ್ತವೆ. 48 ವೋಲ್ಟ್‌ನ ಚಾರ್ಜರ್‌ನ ಪಿನ್ನು 36 ವೋಲ್ಟ್‌ನ ಬ್ಯಾಟರಿಗೂ ಹೊಂದಿಬಿಡಬಹುದು. ನಿಮ್ಮ ಚಾರ್ಜರ್ ಮೇಲೆ ವೋಲ್ಟ್ ಅನ್ನು ದೊಡ್ಡದಾಗಿ ಬರೆದು ಅಂಟಿಸಿ. ಓಡಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕದೆ ಬ್ಯಾಟರಿ ತಣಿಯಲು ಬಿಡಿ, ಮಲಗುವ ಕೋಣೆಯಲ್ಲಿ ಅಥವಾ ಹೊರಬಾಗಿಲ ದಾರಿಯಲ್ಲಿ ಚಾರ್ಜ್ ಮಾಡಬೇಡಿ, ಎಲ್ಲರೂ ನಿದ್ದೆಯಲ್ಲಿರುವಾಗಲಂತೂ ಬೇಡ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ, ತಂಪಾದ ಒಣ ಜಾಗದಲ್ಲಿ ಇಡಬೇಕು. ಪೂರ್ತಿ ಖಾಲಿಯಾಗಿ ಬಿಟ್ಟ ಬ್ಯಾಟರಿ ಮತ್ತೆ ಏಳದೆ ಹೋಗಬಹುದು.

ಎಲ್ಲ ಪರೀಕ್ಷೆಗಳ ನಂತರವೂ ಬ್ಯಾಟರಿಯೇ ಸೋತಿದೆಯೆಂದು ಖಚಿತವಾದರೆ, ಬದಲಿಸುವಾಗ ಹಳೆಯದನ್ನು ಕಸದ ಗಾಡಿಗೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ಉತ್ಪಾದಕರದು, ಅವನ್ನು ಬೇರೆ ಕಸದೊಂದಿಗೆ ಬೆರೆಸದೆ ಒಪ್ಪಿಸುವ ಹೊಣೆ ಬಳಕೆದಾರರದು. ಒಯ್ಯುವ ಮೊದಲು ಅದರ ಎರಡು ಧ್ರುವಗಳ ಮೇಲೂ ಇನ್ಸುಲೇಷನ್ ಟೇಪ್ ಸುತ್ತಿ, ಕೊಂಡ ಅಂಗಡಿಗೆ ಅಥವಾ ತಯಾರಕರ ಸಂಗ್ರಹ ಕೇಂದ್ರಕ್ಕೆ ಕೊಟ್ಟು ರಸೀದಿ ಪಡೆಯಿರಿ.